ಪಾಯಿಂಟ್ 32 ಅಂದ ಮಾತ್ರಕ್ಕೆ ಎಲ್ಲ ಕಾಡತೂಸೂ ಒಂದೇ ಅಲ್ಲ

ಶಿರಸಿ ಸುತ್ತಮುತ್ತ ರಿಪೇರಿಗೆ ಬರುವುದು ಹೆಚ್ಚಾಗಿ ಬೆಳೆ ಕಾಯುವ ಕೋವಿಗಳೇ. ರಿವಾಲ್ವರ್, ಪಿಸ್ತೂಲು ಕಮ್ಮಿ. ಆದರೆ ತಂದವರೆಲ್ಲ ಕೇಳುವುದು ಒಂದೇ: "ಜೋರಿನ ಕಾಡತೂಸು ಹಾಕಿದ್ರೆ ಬೇಗ ಸವೆಯುತ್ತಾ?" ಸವೆಯುತ್ತದೆ. ಎಲ್ಲಿ ಅನ್ನೋದನ್ನ ಮಾತ್ರ ಯಾರೂ ಕೇಳುವುದಿಲ್ಲ.

ರಿವಾಲ್ವರ್‌ನ ಕಾಡತೂಸು ತುಂಬುವ, ತಿರುಗುವ ಸಿಲಿಂಡರ್‌ಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಸುಮಾರು 0.1ರಿಂದ 0.2 ಮಿ.ಮೀ. ಗುಂಡು ಅದನ್ನು ದಾಟುವಾಗ ಸುಡುವ ಗ್ಯಾಸ್ ಪಕ್ಕಕ್ಕೆ ಚಿಮ್ಮುತ್ತದೆ. ಒತ್ತಡ ಜಾಸ್ತಿಯಾದಷ್ಟೂ ನಳಿಗೆಯ ಹಿಂದಿನ ಬಾಯಿ ಬೇಗ ಒರಟಾಗುತ್ತದೆ, ಆ ಸಂದಿನ ನೆತ್ತಿಯ ಮೇಲಿರುವ ಫ್ರೇಮಿನ ಪಟ್ಟಿಯಲ್ಲಿ ಉಗುರಿಗೆ ಸಿಗುವಂಥ ಗೀರು ಬೀಳುತ್ತದೆ. ಗೀರು ಸಾಮಾನ್ಯವಾಗಿ ಒಂದಿಷ್ಟು ಆಳಕ್ಕೆ ಹೋಗಿ ನಿಲ್ಲುತ್ತದೆ, ಅದಕ್ಕೆ ನಾನು ಅಷ್ಟಾಗಿ ಹೆದರುವುದಿಲ್ಲ.

ಹೆದರುವುದು ಸಡಿಲಕ್ಕೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 (ಗುಂಡಿನ ಅಳತೆ, ಸುಮಾರು 0.32 ಇಂಚು) ರಿವಾಲ್ವರ್ ನಡುವೆ ಮಡಚಿ ತೆರೆಯುವಂಥದ್ದು, ಅಂದರೆ ಪ್ರತಿ ಹೊಡೆತದ ಎಳೆತವೂ ಮುಂದಿನ ತಿರುಗಣೆ ಮತ್ತು ಮೇಲಿನ ಕೊಂಡಿಯ ಮೇಲೇ ಬೀಳುತ್ತದೆ. ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಮುಚ್ಚಿ, ನಳಿಗೆ ಹಿಡಿದು ಅಲ್ಲಾಡಿಸುತ್ತೇನೆ. ಕಟಕಟ ಅಂದರೆ ಅಲ್ಲಿಗೆ ನಿಲ್ಲಿಸಬೇಕು.

ಇಲ್ಲೇ ಒಂದು ದೊಡ್ಡ ಅಪಾಯವಿದೆ. ಆ ರಿವಾಲ್ವರ್‌ಗೆ ಬೇಕಾದದ್ದು ಉದ್ದನೆಯ ಕಾಡತೂಸು, ಪಾಯಿಂಟ್ 32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಅಮೆರಿಕದ ಮಾನದಂಡದಂತೆ ಅದರ ಗರಿಷ್ಠ ಒತ್ತಡ 15,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಪಿಸ್ತೂಲಿನ ಪಾಯಿಂಟ್ 32 ಎಸಿಪಿ ಗಿಡ್ಡ, ನೋಡಲು ಬಡಪಾಯಿ, ಆದರೆ ಅದರದ್ದು 20,500. ಕೆಲವು ರಿವಾಲ್ವರ್‌ಗಳಲ್ಲಿ ಅದು ಕೂತೂ ಬಿಡುತ್ತದೆ. ಕೂತಿತು ಅಂತ ಹೊಡೆಯಬೇಡಿ, ದಯವಿಟ್ಟು. ನಳಿಗೆಯ ಮೇಲೆ ಕೆತ್ತಿದ್ದಕ್ಕೂ ಪೆಟ್ಟಿಗೆಯ ಮೇಲಿನ ಪೂರ್ತಿ ಹೆಸರಿಗೂ ತಾಳೆಯಾಗಬೇಕು.

ಪಿಸ್ತೂಲಿನಲ್ಲಿ ಮೊದಲು ಸೋಲುವುದು ಸ್ಪ್ರಿಂಗ್. ಅದು ಸೋತರೆ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆ ಹೋಗಿ ಫ್ರೇಮಿಗೆ ಬಡಿಯುತ್ತದೆ, ಬಿರುಕು ಶುರುವಾಗುವುದು ಹಾಗೆ. ಸ್ಪ್ರಿಂಗ್ ಬದಲಿಸುವ ಖರ್ಚು ಏನೂ ಅಲ್ಲ.

ಕಾರವಾರ, ಕುಮಟಾ ಕಡೆಯವಕ್ಕೆ ಉಪ್ಪುಗಾಳಿಯ ತುಕ್ಕು ಬೇರೆ. ಇಡೀ ಮಳೆಗಾಲ ಚರ್ಮದ ಚೀಲದಲ್ಲೇ ಇಟ್ಟರೆ ಕಾಡತೂಸು ಕೂರುವ ಗುಳಿಗಳೊಳಗೆ ತುಕ್ಕು ತಿಂದು, ಹೊಡೆದ ಮೇಲೆ ಖಾಲಿ ಕೇಸು ಅಂಟಿಕೊಳ್ಳುತ್ತದೆ. ಒತ್ತಡ ಮಿತಿ ಮೀರಿದಾಗಲೂ ಹೀಗೇ ಅಂಟುವುದು. ಹಾಗಾಗಿ ಮೊದಲು ತುಕ್ಕು ತೆಗೆಸಿ. ಆಮೇಲೂ ಅಂಟಿದರೆ, ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಚಪ್ಪಟೆಯಾಗಿದ್ದರೆ, ಆ ಪೆಟ್ಟಿಗೆಯ ಕಾಡತೂಸು ಮತ್ತೆ ಹಾಕಬೇಡಿ.