ಚದರಡಿಗೆ ಎಷ್ಟು ಎಂದು ಕೇಳುವ ಮೊದಲು

"ಅಣ್ಣಾ, ಅಂಗಡಿ ಮುಂದಕ್ಕೆ ಗಾಜು ಹಾಕಿಸಬೇಕು. ಚದರಡಿಗೆ ಎಷ್ಟು?"

ಹೋದ ವಾರ ಮಡಿಕೇರಿಯಿಂದ ಬಂದ ಫೋನು. ಕಾಫಿಪುಡಿ, ಜೇನು, ಏಲಕ್ಕಿ ಮಾರುವ ಅಕ್ಕ ಒಬ್ಬರು ಮಾಡಿದ್ದು. ನಾನು ದರ ಹೇಳಲಿಲ್ಲ, ಬಂದು ಅಳತೆ ನೋಡ್ತೀನಿ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಆದರೆ ಬರೀ ದರ ಹೇಳಿದ್ದರೆ ಅವರಿಗೆ ಮೋಸ ಮಾಡಿದಂತೆ ಆಗುತ್ತಿತ್ತು. ಗಾಜಿನ ದರ ಆಗಾಗ ಬದಲಾಗುತ್ತದೆ, ಹಾಗಾಗಿ ಇಲ್ಲೂ ರೂಪಾಯಿ ಲೆಕ್ಕ ಬರೆಯುವುದಿಲ್ಲ. ಎಸ್ಟಿಮೇಟ್ ಎಲ್ಲಿ ಏರುತ್ತದೆ ಅನ್ನುವುದು ಗೊತ್ತಿದ್ದರೆ ಆ ದಿನದ ದರದಿಂದ ನೀವೇ ಗುಣಿಸಿಕೊಳ್ಳಬಹುದು.

10 ಅಡಿ ಅಗಲ, 8 ಅಡಿ ಎತ್ತರದ ಒಂದು ಅಂಗಡಿ ಇಟ್ಟುಕೊಳ್ಳೋಣ. ನಡುವೆ 3 ಅಡಿಗೆ 7 ಅಡಿಯ ಬಾಗಿಲು, ಅದರ ಮೇಲೆ ಒಂದಡಿಯ ತುಂಡು, ಎಡಬಲಕ್ಕೆ ಮೂರೂವರೆ ಅಡಿಯ ಎರಡು ಗಾಜು. ಒಟ್ಟು 80 ಚದರಡಿ. ಫ್ರೇಮ್ ಇಲ್ಲದೆ ನಿಲ್ಲಿಸುವುದಾದರೆ 12 ಎಂಎಂ ದಪ್ಪದ ಟಫನ್ಡ್ ಗಾಜು, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಗಾಜು ಬೇಕು. ಅದು ಒಂದು ಚದರ ಮೀಟರಿಗೆ 30 ಕೆಜಿ ತೂಗುತ್ತದೆ. ಅಂದರೆ ಎಲ್ಲ ಸೇರಿ ಸುಮಾರು 223 ಕೆಜಿ, ಪಕ್ಕದ ಒಂದೊಂದು ಗಾಜೇ 78 ಕೆಜಿ. ಮಡಿಕೇರಿಯಲ್ಲಿ ಎಷ್ಟೋ ಅಂಗಡಿಗಳ ಬಾಗಿಲಿಗೆ ಗಾಡಿ ಹೋಗುವುದಿಲ್ಲ. ಮೆಟ್ಟಿಲಲ್ಲಿ ಹೊತ್ತೇ ಹೋಗಬೇಕು. ಕಾಫಿ ಕುಯ್ಲಿನ ಸಮಯದಲ್ಲಿ ಹೊರುವ ಆಳು ಸಿಗುವುದೂ ಕಷ್ಟ. ಗಾಡಿ ಬಾಡಿಗೆ, ಆಳಿನ ಕೂಲಿ ದರದೊಳಗೆ ಇದೆಯಾ, ಬೇರೆಯಾ ಎಂದು ಮೊದಲೇ ಕೇಳಿ.

ಇನ್ನು ಅಳತೆ. ಬಿಲ್ ಆಗುವುದು ಗಾಜಿನ ನಿಜವಾದ ಅಳತೆಗಲ್ಲ. ಕೆಲವರು ಮುಂದಿನ 3 ಇಂಚಿಗೆ, ಕೆಲವರು 6 ಇಂಚಿಗೆ ಏರಿಸಿ ಲೆಕ್ಕ ಹಾಕುತ್ತಾರೆ. ಪಕ್ಕದ ಗಾಜು 42 ಇಂಚಿದ್ದರೆ 28 ಚದರಡಿ. ಅದೇ 42 ಇಂಚಿನ ಮೇಲೆ ಅರ್ಧ ಇಂಚು ಬಂತೋ, 45 ಇಂಚಿನ ಲೆಕ್ಕದಲ್ಲಿ 30 ಚದರಡಿ, 48ರ ಲೆಕ್ಕದಲ್ಲಿ 32. ಅರ್ಧ ಇಂಚಿಗೆ 4 ಚದರಡಿ ದುಡ್ಡು! ಗಾರೆಯವರು ಇನ್ನೂ ಕೆಲಸದಲ್ಲಿರುವಾಗಲೇ ನನ್ನನ್ನು ಕರೆಸಿ ಎಂದು ಗೋಗರೆಯುವುದು ಇದಕ್ಕೇ. ಎರಡೂ ಕಡೆ ಅರ್ಧರ್ಧ ಇಂಚು ಗಾರೆ ಜಾಸ್ತಿ ಹೊಡೆದರೆ ಆ ದುಡ್ಡು ಉಳಿಯುತ್ತದೆ. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ, ಉಳಿದೆರಡು ಮೂಲೆಗೂ ಹಿಡಿಯಿರಿ. ಎರಡೂ ಒಂದೇ ಬರದಿದ್ದರೆ ಗಾಜು ಕೂರುವ ಕಿಂಡಿ ಸೊಟ್ಟಗಿದೆ. ಇಳಿಜಾರು ರಸ್ತೆಯ ಊರಲ್ಲಿ ಹೊಸ್ತಿಲೇ ವಾಲಿರುತ್ತದೆ ಅಲ್ವಾ? ಅದನ್ನು ರಸಮಟ್ಟ ಇಟ್ಟು ಗಾರೆಯಲ್ಲೇ ಸರಿ ಮಾಡಿಸುವುದು ಅಗ್ಗ.

ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲು ಆಗುವುದಿಲ್ಲ, ತೂತು ಕೊರೆಯಲೂ ಆಗುವುದಿಲ್ಲ. ಎಲ್ಲ ಮುಗಿಸಿಯೇ ಅದನ್ನು ಕಾಯಿಸಿ ತಣಿಸುತ್ತಾರೆ. ಇದನ್ನು ನಾನು ನಷ್ಟ ಕೊಟ್ಟು ಕಲಿತವನು. ವಿರಾಜಪೇಟೆಯ ಒಂದು ಅಂಗಡಿಯಲ್ಲಿ ಟೈಲ್ಸ್ ಹಾಕುವ ಮುಂಚೆಯೇ ಅಳತೆ ತೆಗೆದುಬಿಟ್ಟಿದ್ದೆ. ಮೈಸೂರಿನಿಂದ ಗಾಜು ಬರುವಷ್ಟರಲ್ಲಿ ನೆಲ ಮುಕ್ಕಾಲು ಇಂಚು ಮೇಲೆ ಬಂದಿತ್ತು. ಎರಡೂ ಗಾಜು ಹಾಗೇ ವಾಪಸ್. ಹೊಸದನ್ನು ನನ್ನ ಕೈಯಿಂದಲೇ ತರಿಸಿಕೊಟ್ಟೆ. ಆ ಅಂಗಡಿಯವರು ಹಬ್ಬದ ವ್ಯಾಪಾರ ಕಳೆದುಕೊಂಡರು, ಅದನ್ನು ತುಂಬಿಕೊಡಲು ನನಗೆ ಆಗಲಿಲ್ಲ. ಈಗ ನೆಲ ಮುಗಿಯದೆ ಟೇಪು ತೆಗೆಯುವುದಿಲ್ಲ.

ಅಂಚಿನ ಪಾಲಿಶ್ ಅಡಿ ಲೆಕ್ಕ, ತೂತು ಒಂದೊಂದರ ಲೆಕ್ಕ. ಹ್ಯಾಂಡಲ್, ಲಾಕ್, ಗಾಜಿನ ಮೂಲೆ ಹಿಡಿಯುವ ಪ್ಯಾಚ್ ಫಿಟಿಂಗ್, ಸಂದಿಗೆ ತುಂಬುವ ಸಿಲಿಕಾನ್ ಅಂಟು ಬೇರೆ ಬೇರೆ ಸಾಲಿನಲ್ಲಿರಲಿ. ಜಿಎಸ್‌ಟಿ ಸೇರಿದೆಯಾ ನೋಡಿ.

ಕೊಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ನೀರು. ಬಾಗಿಲನ್ನು ತಾನೇ ಮುಚ್ಚುವಂತೆ ಮಾಡುವ ಫ್ಲೋರ್ ಸ್ಪ್ರಿಂಗ್ ನೆಲದೊಳಗೆ ಹೂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ನೀರು ಆ ಪೆಟ್ಟಿಗೆಯಲ್ಲಿ ನಿಂತು ತುಕ್ಕು ಹಿಡಿಯುತ್ತದೆ, ಎಣ್ಣೆ ಸೋರುತ್ತದೆ, ಬಾಗಿಲು ಧಡ್ಡನೆ ಬಡಿದುಕೊಳ್ಳುತ್ತದೆ. ನಮ್ಮ ಬಾಗಿಲಿನ ಗಾಜೇ ಸುಮಾರು 58.5 ಕೆಜಿ, ಅದರ ಮೇಲೆ ಫಿಟಿಂಗ್ ತೂಕ. ಅಗ್ಗಕ್ಕೆ ಸಿಕ್ಕಿತೆಂದು 60 ಕೆಜಿ ಮಾತ್ರ ತಾಳುವ ಸ್ಪ್ರಿಂಗ್ ಹಾಕಿಸಬೇಡಿ. ಗಾಜಿನಲ್ಲಿ ಉಳಿಸಿ, ಇದರಲ್ಲಿ ಉಳಿಸಬೇಡಿ. ಮುಂದೆ ಎರಡಡಿಯಾದರೂ ಶೀಟಿನ ಮಾಡು, ನೀರು ಹರಿಯಲು ಹೊರಕ್ಕೆ ಸ್ವಲ್ಪ ಇಳಿಜಾರು ಇರುವ ಹೊಸ್ತಿಲು, ಇವೆರಡನ್ನೂ ಎಸ್ಟಿಮೇಟಿಗೆ ಸೇರಿಸಿ. ಒದ್ದೆ ಗೋಡೆಗೆ ಸಿಲಿಕಾನ್ ಕಚ್ಚುವುದಿಲ್ಲ. ಹಾಗಾಗಿ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಂಡರೆ ನಾಲ್ಕು ಸಲ ಬಂದು ಹೋಗುವ ಖರ್ಚು ನಿಮ್ಮದೇ.

ಖರ್ಚು ಇಳಿಸಲು ದಾರಿ ಇದೆ. ಪಕ್ಕದ ಗಾಜಿಗೆ ನಾಲ್ಕೂ ಕಡೆ ಅಲ್ಯುಮಿನಿಯಂ ಫ್ರೇಮ್ ಕೊಟ್ಟರೆ ಈ ಅಳತೆಗೆ 8 ಎಂಎಂ ಸಾಕಾಗಬಹುದು. ಗಾಳಿ ನೇರ ಹೊಡೆಯುವ ಜಾಗವಾದರೆ 10. ಸುಮ್ನೆ ಸಾದಾ ಗಾಜಿಗೆ ಮಾತ್ರ ಒಪ್ಪಬೇಡಿ. ಅದು ಒಡೆದರೆ ಕತ್ತಿಯಂಥ ಚೂರಾಗುತ್ತದೆ, ಟಫನ್ಡ್ ಸಣ್ಣ ಕಾಳಾಗಿ ಉದುರುತ್ತದೆ. ಬಂದ ಗಾಜಿನ ಮೂಲೆಯಲ್ಲಿ ಟಫನ್ಡ್ ಮುದ್ರೆ ಇದೆಯಾ ನೋಡಿ. ಚಿನ್ನದ ಅಂಗಡಿಯವರಿಗೆ ನಾನು ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು, ಹೇಳುತ್ತೇನೆ. ದುಬಾರಿ, ಆದರೆ ಒಡೆದರೂ ಹಾಳೆಗೆ ಅಂಟಿಕೊಂಡು ನಿಲ್ಲುತ್ತದೆ.

ಮಡಿಕೇರಿಯ ಅಕ್ಕನ ಅಂಗಡಿಯ ಕಿಂಡಿ 10 ಅಡಿ 1 ಇಂಚು ಇತ್ತು. ಗಾರೆಯವರಿಗೆ ಫೋನ್ ಮಾಡಿ ಎರಡು ಬದಿಗೂ ಅರ್ಧರ್ಧ ಇಂಚು ಹೊಡೆಸಿದರು. ಟೈಲ್ಸ್ ಮುಂದಿನ ಸೋಮವಾರ ಮುಗಿಯುತ್ತದಂತೆ. ಮಂಗಳವಾರ ಮತ್ತೆ ಟೇಪು ಹಿಡಿದು ಹೋಗುತ್ತೇನೆ.