ಕಾಫಿ ಕಣದಲ್ಲಿ ಒಂದು ಗ್ರಾಫ್

ಗುಣಮಟ್ಟ ನಿರ್ವಹಣೆಯ ಆರಂಭಿಕ ತರಬೇತಿಗೆ ಸೇರಿದವರ ಮುಂದೆ ಮೊದಲು ಬಂದು ಬೀಳುವುದು ಹೆಸರುಗಳು. ಲೀನ್, ಸಿಕ್ಸ್ ಸಿಗ್ಮಾ, ಕೈಜೆನ್, ವೈಟ್ ಬೆಲ್ಟ್, ಯೆಲ್ಲೋ ಬೆಲ್ಟ್. ಇದೆಲ್ಲ ದೊಡ್ಡ ಕಾರ್ಖಾನೆಯವರ ವಿದ್ಯೆ, ನಮ್ಮ ಕೊಡಗಿನ ತೋಟಕ್ಕೆ ಇದರಿಂದ ಏನಾಗಬೇಕು ಅಂತ ಅನಿಸುವುದು ಸಹಜ. ಆದರೆ ಈ ಹೆಸರುಗಳ ಅಡಿಯಲ್ಲಿರುವ ಮೂಲ ವಿಚಾರ ಒಂದೇ. ಅದನ್ನು ಕಲಿಯಲು ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ವಿಚಾರ ಇಷ್ಟು: ಒಂದೇ ಕೆಲಸವನ್ನು ಎಷ್ಟೇ ಸಲ ಮಾಡಿದರೂ ಫಲ ಒಂದೇ ಥರ ಬರುವುದಿಲ್ಲ. ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಆಗುತ್ತಲೇ ಇರುತ್ತದೆ. ಇದರಲ್ಲಿ ಯಾವುದು ಆ ಕೆಲಸದ ಮಾಮೂಲಿ ಏರಿಳಿತ, ಯಾವುದು ನಿಜವಾಗಿಯೂ ಏನೋ ಕೆಟ್ಟಿರುವುದರ ಗುರುತು? ಇದನ್ನು ಬೇರೆ ಮಾಡಲು ಬಂದರೆ ಅರ್ಧ ಕಲಿತಂತೆ.

ಹಣ್ಣನ್ನು ಸಿಪ್ಪೆ ಸಮೇತ ಒಣಗಿಸುವ ರೋಬಸ್ಟಾ ಚೆರಿ ಕಾಫಿಯನ್ನೇ ತೆಗೆದುಕೊಳ್ಳೋಣ. ಚೀಲಕ್ಕೆ ತುಂಬುವಾಗ ತೇವಾಂಶ 11% ಆಸುಪಾಸು ಇರಬೇಕು. ಅದಕ್ಕಿಂತ ಬಹಳ ಹಸಿಯಾಗಿದ್ದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಂತ ಜಾಸ್ತಿ ಒಣಗಿಸಿದರೂ ನಷ್ಟವೇ. 11% ತೇವಾಂಶದ 50 ಕೆ.ಜಿ. ಚೀಲದಲ್ಲಿ ನೀರು ಬಿಟ್ಟು ಉಳಿಯುವುದು 44.5 ಕೆ.ಜಿ. ಅದನ್ನೇ 9%ಗೆ ಒಣಗಿಸಿದರೆ ಚೀಲ ಸುಮಾರು 48.9 ಕೆ.ಜಿ. ತೂಗುತ್ತದೆ. ಅಂದರೆ ಪ್ರತಿ ಚೀಲಕ್ಕೂ 1.1 ಕೆ.ಜಿ. ತೂಕ ಗಾಳಿಗೆ ಹೋಯಿತು. ಗುಣಮಟ್ಟ ಅಂದರೆ ‘ಜಾಸ್ತಿ ಮಾಡಿದಷ್ಟೂ ಒಳ್ಳೆಯದು’ ಅಲ್ಲ. ಬೇಕಾದ ಜಾಗದಲ್ಲೇ ಸ್ಥಿರವಾಗಿ ನಿಲ್ಲಿಸುವುದು.

ಈಗ ಒಂದು ಲೆಕ್ಕ ಮಾಡೋಣ. ಲೆಕ್ಕಕ್ಕಾಗಿ ಹಿಡಿದ ಅಂಕಿಗಳಿವು. ಒಂದು ಕಣದಿಂದ ಒಂದರ ಹಿಂದೆ ಒಂದು ಹತ್ತು ರಾಶಿ ಎದ್ದಿವೆ. ಮೀಟರ್ ತೋರಿಸಿದ ತೇವಾಂಶ ಹೀಗಿದೆ: 10.8, 11.2, 10.9, 11.4, 11.0, 10.7, 11.1, 11.5, 11.0, 11.4. ಸಾಮಾನ್ಯವಾಗಿ ಏನು ನಡೆಯುತ್ತದೆ? 10.7 ಬಂದ ದಿನ ‘ಭೇಷ್’. 11.5 ಬಂದ ದಿನ ಕಣ ನೋಡಿಕೊಳ್ಳುವವನಿಗೆ ಬೈಗುಳ. ತೋಟದ ಲೆಕ್ಕ ಬರೆಯುವ ರೈಟರ್ ಹೋಗಿ ಮೇಸ್ತ್ರಿಗೆ ಹೇಳುತ್ತಾರೆ, ಮೇಸ್ತ್ರಿ ಕೆಲಸದವರ ಮೇಲೆ ಕೂಗಾಡುತ್ತಾರೆ. ಮರುದಿನ 11.0 ಬರುತ್ತದೆ. ನೋಡಿದ್ರಾ, ಬೈದರೆ ಮಾತ್ರ ಕೆಲಸ ಆಗುತ್ತೆ ಅಂತ ಎಲ್ಲರೂ ನಂಬುತ್ತಾರೆ.

ನಂಬುವ ಮೊದಲು ಲೆಕ್ಕ ಕೇಳಬೇಕು. ಹತ್ತು ಅಂಕಿಗಳ ಸರಾಸರಿ 11.1. ಇನ್ನು ಪಕ್ಕಪಕ್ಕದ ಅಂಕಿಗಳ ವ್ಯತ್ಯಾಸ ತೆಗೆಯಿರಿ. 10.8ರಿಂದ 11.2ಕ್ಕೆ 0.4, ಅಲ್ಲಿಂದ 10.9ಕ್ಕೆ 0.3, ಹೀಗೆ. ಒಂಬತ್ತು ವ್ಯತ್ಯಾಸಗಳು ಸಿಗುತ್ತವೆ, ಅವುಗಳ ಸರಾಸರಿ 0.4. ಇದನ್ನು 2.66ರಿಂದ ಗುಣಿಸಿ. ಈ 2.66 ಸಂಖ್ಯಾಶಾಸ್ತ್ರದಿಂದ ಬಂದ ಸ್ಥಿರಾಂಕ, ಯಾವ ಕೆಲಸಕ್ಕೂ ಬದಲಾಗುವುದಿಲ್ಲ. ಸುಮಾರು 1.06 ಬಂತು. ಸರಾಸರಿಗೆ ಕೂಡಿದರೆ 12.16, ಕಳೆದರೆ 10.04. ಈ ಎರಡು ಗೆರೆಗಳ ನಡುವೆ ಏನೇ ಬಂದರೂ ಅದು ಆ ಕಣದ ಮಾಮೂಲಿ ಏರಿಳಿತ. 11.5ಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. 10.7ಕ್ಕೆ ಹೊಗಳಬೇಕಾಗಿಯೂ ಇಲ್ಲ. (ಗೆರೆ ಗಟ್ಟಿಯಾಗಬೇಕಾದರೆ ಇಪ್ಪತ್ತು ಅಂಕಿಗಳಾದರೂ ಇರುವುದು ಒಳ್ಳೆಯದು.)

ಈ ಅಂಕಿಗಳನ್ನು ಗ್ರಾಫ್ ಮೇಲೆ ಗುರುತಿಸಿ ಸರಾಸರಿಯ ಮೇಲೆ, ಕೆಳಗೆ ಈ ಎರಡು ಗೆರೆ ಎಳೆದರೆ ಅದೇ ಕಂಟ್ರೋಲ್ ಚಾರ್ಟ್. 1924ರ ಮೇ 16ರಂದು ಅಮೆರಿಕದ ವಾಲ್ಟರ್ ಶೂಹಾರ್ಟ್ ಒಂದು ಪುಟದ ಟಿಪ್ಪಣಿಯಲ್ಲಿ ಇಂಥ ಚಿತ್ರ ಬರೆದು ತಮ್ಮ ಮೇಲಧಿಕಾರಿಗೆ ಕೊಟ್ಟರು. ಅವರು ಕೆಲಸ ಮಾಡುತ್ತಿದ್ದುದು ಟೆಲಿಫೋನ್ ಉಪಕರಣ ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ. ಮುಂದೆ 1947-48ರಲ್ಲಿ ಅವರು ಭಾರತಕ್ಕೂ ಬಂದರು. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆ ಅವರನ್ನು ಕರೆಸಿತ್ತು. ನಮ್ಮ ದೇಶಕ್ಕೆ ಈ ವಿದ್ಯೆ ಹೊಸದಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಮಾಮೂಲಿ ಏರಿಳಿತಕ್ಕೆಲ್ಲ ಕೈಹಾಕಿದರೆ ಏನಾಗುತ್ತದೆ? ಸಂಪಾಜೆ ಘಾಟಿಯಲ್ಲಿ ಜೀಪು ಸ್ವಲ್ಪ ಅಲುಗಿದಾಗಲೆಲ್ಲ ಸ್ಟೀರಿಂಗ್ ತಿರುಗಿಸುವ ಹೊಸ ಡ್ರೈವರ್ ಕಥೆಯೇ. ಓಲಾಟ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. 11.5 ಬಂತೆಂದು ಮುಂದಿನ ರಾಶಿಯನ್ನು ಒಂದು ದಿನ ಹೆಚ್ಚು ಒಣಗಿಸುತ್ತಾರೆ, 10.2 ಬರುತ್ತದೆ. ಅದನ್ನು ನೋಡಿ ಅದರ ಮುಂದಿನದನ್ನು ಬೇಗ ಎತ್ತುತ್ತಾರೆ. ಮೊದಲಿದ್ದ ಸ್ಥಿರತೆಯೂ ಹೋಯಿತು.

ಶೂಹಾರ್ಟ್ ಅವರಿಂದ ಕಲಿತ ಎಡ್ವರ್ಡ್ಸ್ ಡೆಮಿಂಗ್, ಮಾಮೂಲಿ ಏರಿಳಿತಕ್ಕೆ ಕೆಲಸಗಾರರನ್ನು ಹೊಣೆ ಮಾಡುವುದು ಎಷ್ಟು ತಪ್ಪು ಎಂದು ಮಣಿಗಳಿಂದ ತೋರಿಸುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ 4,000 ಮಣಿ, ಅದರಲ್ಲಿ 800 ಕೆಂಪು, ಉಳಿದವು ಬಿಳಿ. ಐವತ್ತು ಗುಳಿಗಳಿರುವ ಹಲಗೆಯನ್ನು ಅದರೊಳಗೆ ಅದ್ದಿ ತೆಗೆಯಬೇಕು. ಬಿಳಿ ಮಣಿ ಮಾತ್ರ ಬರಬೇಕು ಎಂದು ಆಜ್ಞೆ. ಒಬ್ಬರಿಗೆ 7 ಕೆಂಪು ಬರಬಹುದು, ಇನ್ನೊಬ್ಬರಿಗೆ 14. ಕಡಿಮೆ ಬಂದವರಿಗೆ ಬಹುಮಾನ, ಹೆಚ್ಚು ಬಂದವರಿಗೆ ಎಚ್ಚರಿಕೆ. ಆದರೆ ಐದರಲ್ಲಿ ಒಂದು ಕೆಂಪು ಮಣಿಯನ್ನು ಪೆಟ್ಟಿಗೆಗೆ ಹಾಕಿದ್ದು ಕೆಲಸಗಾರರಲ್ಲ. ಅದನ್ನು ಬದಲಾಯಿಸುವ ಅಧಿಕಾರವೂ ಅವರಿಗಿಲ್ಲ. ತರಬೇತಿಯಲ್ಲಿ ಬೇರೆ ಏನನ್ನು ಬಿಟ್ಟರೂ ಈ ಪ್ರಯೋಗವನ್ನು ಬಿಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ತೋಟದಲ್ಲಿ, ಆಫೀಸಿನಲ್ಲಿ, ಹೋಂಸ್ಟೇ ಅಡುಗೆಮನೆಯಲ್ಲಿ ಎಷ್ಟೋ ಜನ ತಾವು ಹಾಕದ ಕೆಂಪು ಮಣಿಗಳಿಗೆ ಬೈಗುಳ ತಿನ್ನುತ್ತಿದ್ದಾರೆ.

ಈಗ ಹನ್ನೊಂದನೆಯ ರಾಶಿ 12.9 ತೋರಿಸಿತು ಎಂದುಕೊಳ್ಳಿ. ಇದು ಗೆರೆ ದಾಟಿದೆ. ಇಲ್ಲಿ ಸುಮ್ನೆ ಕೂರಬಾರದು, ಅವತ್ತೇ ಕಾರಣ ಹುಡುಕಬೇಕು. ಮೊದಲು ಮೀಟರನ್ನೇ ಅನುಮಾನಿಸಿ. ಅದೇ ಸ್ಯಾಂಪಲ್ಲನ್ನು ಮತ್ತೆರಡು ಸಲ ಅಳೆಯಿರಿ, ಇನ್ನೊಬ್ಬರ ಕೈಯಲ್ಲೂ ಅಳೆಸಿ. ಮೀಟರ್ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಸೆಟ್ಟಿಂಗ್‌ನಲ್ಲೇ ಉಳಿದಿದ್ದರೆ ರೋಬಸ್ಟಾ ಚೆರಿಗೆ ಅದು ಹೇಳುವುದು ಸುಳ್ಳು. ಮೀಟರ್ ಸರಿಯಿದ್ದರೆ ಟೊಯೋಟಾದವರು ರೂಢಿ ಮಾಡಿದ ‘ಐದು ಸಲ ಏಕೆ’ ಕೇಳುತ್ತಾ ಹೋಗಿ. ಏಕೆ ಹಸಿ? ರಾತ್ರಿ ಅಕಾಲಿಕ ಮಳೆಗೆ ನೆನೆಯಿತು. ಏಕೆ ನೆನೆಯಿತು? ಟಾರ್ಪಾಲು ಸಾಲಲಿಲ್ಲ. ಏಕೆ? ಕಣದಲ್ಲಿ ಅದರ ತಾಕತ್ತಿಗಿಂತ ಹೆಚ್ಚು ಕಾಫಿ ಇತ್ತು. ಏಕೆ? ಎರಡು ಬ್ಲಾಕ್‌ಗಳನ್ನು ಒಟ್ಟಿಗೇ ಕೊಯ್ದರು. ಏಕೆ? ಕೊಯ್ಲಿಗೆ ದಿನ ಗೊತ್ತು ಮಾಡುವವರು ಕಣದಲ್ಲಿ ಎಷ್ಟು ಜಾಗ ಖಾಲಿ ಇದೆ ಎಂದು ಕೇಳುವ ಪದ್ಧತಿಯೇ ಇಲ್ಲ. ಕಣದ ತೊಂದರೆಯ ಬೇರು ಕೊಯ್ಲಿನ ಯೋಜನೆಯಲ್ಲಿತ್ತು. ರಾತ್ರಿ ಕಾವಲಿದ್ದವನನ್ನು ಕೆಲಸದಿಂದ ತೆಗೆದಿದ್ದರೆ ಮುಂದಿನ ಮಳೆಗೂ ಇದೇ ಗತಿ, ಅಲ್ವಾ?

ಹೊಸಬರು ಎಡವುವ ಇನ್ನೊಂದು ಜಾಗವಿದೆ. ಸ್ಥಿರವಾಗಿದೆ ಅಂದರೆ ಚೆನ್ನಾಗಿದೆ ಎಂದಲ್ಲ. ನಮ್ಮ ಉದಾಹರಣೆಯ ಕಣ ಸ್ಥಿರವಾಗಿತ್ತು, ಸರಿ. ಆದರೆ ಹತ್ತರಲ್ಲಿ ಐದು ರಾಶಿ 11% ದಾಟಿದ್ದವು. 10.04 ಮತ್ತು 12.16 ಎನ್ನುವುದು ಕಣ ತಾನೇ ಹೇಳಿದ ಗೆರೆ. 11 ಎನ್ನುವುದು ಕೊಳ್ಳುವವರು ಕೇಳುವ ಗೆರೆ. ಎರಡನ್ನೂ ಬೆರೆಸಬಾರದು. ಕಣದ ಗೆರೆಯನ್ನು ಕೆಳಗಿಳಿಸಬೇಕಾದರೆ ಕೂಗಾಟದಿಂದ ಆಗುವುದಿಲ್ಲ, ಕೆಲಸದ ವಿಧಾನವನ್ನೇ ಬದಲಾಯಿಸಬೇಕು. ಹರಡುವ ದಪ್ಪ ಎಷ್ಟು? ಚೆರಿಗೆ ಸುಮಾರು 8 ಸೆಂ.ಮೀ. ಸಾಕು, ಆದರೆ ಜಾಗ ಸಾಲದೆ ದಪ್ಪ ಹಾಕುವುದು ಎಲ್ಲ ಕಡೆ ಇದ್ದದ್ದೇ. ದಿನಕ್ಕೆ ಎಷ್ಟು ಸಲ ಕೆದಕುತ್ತಾರೆ? ಕಣದ ಯಾವ ಮೂಲೆಗೆ ಸಿಲ್ವರ್ ಓಕ್ ನೆರಳು ಬೀಳುತ್ತದೆ? ಹಣ್ಣು, ಕಾಯಿ ಬೆರೆತು ಬರುತ್ತಿವೆಯೇ? ಇಂಥ ಕಾರಣಗಳನ್ನು ಮೀನಿನ ಮುಳ್ಳಿನ ಆಕಾರದಲ್ಲಿ ಬರೆದಿಡುವ ಕ್ರಮವನ್ನು ಜಪಾನಿನ ಕವೊರು ಇಶಿಕಾವಾ ಕೊಟ್ಟರು. ಚಿತ್ರಕ್ಕಿಂತ ಮುಖ್ಯವಾದದ್ದು ಅದನ್ನು ಬರೆಯಲು ಯಾರು ಕೂರುತ್ತಾರೆ ಅನ್ನುವುದು. ಬಿಸಿಲಲ್ಲಿ ನಿಂತು ಕಾಫಿ ಕೆದಕುವ ಹೆಂಗಸಿಗೆ ಗೊತ್ತಿರುವುದು ಮಾಲೀಕರಿಗೆ ಗೊತ್ತಿರುವುದಿಲ್ಲ. ಅವರನ್ನು ಕೂರಿಸದೆ ಬರೆದ ಮೀನು ಗೋಡೆಯ ಅಲಂಕಾರ ಅಷ್ಟೆ.

ಸಿಕ್ಸ್ ಸಿಗ್ಮಾ 1986ರಲ್ಲಿ ಮೊಟೊರೊಲಾದಲ್ಲಿ ಶುರುವಾಯಿತು. ಹತ್ತು ಲಕ್ಷ ಅವಕಾಶಗಳಲ್ಲಿ 3.4ಕ್ಕಿಂತ ಹೆಚ್ಚು ತಪ್ಪು ಇರಬಾರದು ಎನ್ನುವುದು ಅದರ ಗುರಿ. ಎಲೆಕ್ಟ್ರಾನಿಕ್ಸ್‌ಗೆ ಅದು ಬೇಕು. ಕಣಕ್ಕೆ ಆ ಅಂಕಿ ಬೇಡ. ಅದರ ಕ್ರಮ ಬೇಕು: ತೊಂದರೆ ಏನೆಂದು ಬರೆ, ಅಳೆ, ಕಾರಣ ಹುಡುಕು, ಬದಲಾಯಿಸು, ಬದಲಾದದ್ದನ್ನು ಕಾಯ್ದುಕೋ.

ಬದಲಾಯಿಸುವಾಗ ಒಂದು ಸಲಕ್ಕೆ ಒಂದೇ. ದಪ್ಪವನ್ನೂ ಕೆದಕುವ ಹೊತ್ತನ್ನೂ ಒಟ್ಟಿಗೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ದಪ್ಪ ಕಡಿಮೆ ಮಾಡಿದ ದಿನ ಗ್ರಾಫ್ ಮೇಲೆ ಒಂದು ಅಡ್ಡಗುರುತು ಹಾಕಿ. ಮುಂದಿನ ರಾಶಿ 10.8 ಬಂದರೆ ಸಂತೋಷಪಡಬೇಡಿ, ಅದು ಮೊದಲೂ ಬರುತ್ತಿತ್ತು. ಸಾಲಾಗಿ ಎಂಟು ರಾಶಿ ಹಳೆಯ ಸರಾಸರಿ 11.1ಕ್ಕಿಂತ ಕೆಳಗೇ ಬಂದರೆ ಆಗ ಬದಲಾವಣೆ ನಿಜ. ಆ ಮೇಲೆ ಹಳೆಯ ಗೆರೆ ಅಳಿಸಿ, ಹೊಸ ಅಂಕಿಗಳಿಂದ ಹೊಸ ಗೆರೆ ಎಳೆಯಿರಿ.