ಹೋದ ವರ್ಷದ ಓಕ್ ಕಾಯಿ, ಈ ವರ್ಷದ ಅಳಿಲು

ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಓಕ್ ಕಾಯಿ ಉದುರಲು ಶುರುವಾದರೆ ಸಾಕು, ನನ್ನಂಥ ವನ್ಯಜೀವಿ ಕೆಲಸದವರಿಗೆ ಒಂದು ಪ್ರಶ್ನೆ ತಪ್ಪುವುದಿಲ್ಲ. 'ಈ ಸಲ ಕಾಯಿ ರಾಶಿ ರಾಶಿ ಬಿದ್ದಿದೆ, ಅಂದ್ರೆ ಚಳಿ ಜೋರಾಗಿರುತ್ತೆ ಅಲ್ವಾ?' ಇಲ್ಲ. ಮುಂದೆ ಬರುವ ಚಳಿಯ ಸುದ್ದಿ ಮರಕ್ಕೆ ಗೊತ್ತಿರುವುದಿಲ್ಲ. ಕೊಂಬೆಯಲ್ಲಿ ಕಾಣುವ ಕಾಯಿ ಆಗಲೇ ಕಳೆದುಹೋದ ದಿನಗಳ ಫಲ. ಹೂ ಬಿಟ್ಟ ವಾರದಲ್ಲಿ ನೀರು ಹೆಪ್ಪುಗಟ್ಟುವ ಚಳಿ ಬಡಿಯಿತೇ, ಪರಾಗ ಹಾರುವ ಹೊತ್ತಿಗೆ ಮಳೆ ಹಿಡಿದಿತ್ತೇ, ಹಿಂದಿನ ವರ್ಷ ಕಾಯಿ ಹೊತ್ತು ಮರ ಎಷ್ಟು ಸೋತಿತ್ತು, ಇವೆಲ್ಲ ಅದರಲ್ಲಿ ಸೇರಿರುತ್ತವೆ.

ಅಳಿಲುಗಳ ಸಂಖ್ಯೆಯೂ ಹಾಗೆಯೇ. ಇವತ್ತು ಕಣ್ಣಿಗೆ ಬೀಳುವ ಅಳಿಲುಗಳು ಹೋದ ವರ್ಷದ ಕಾಯಿಯ ಫಲ. ಜನ ಈ ಒಂದು ವರ್ಷದ ಅಂತರವನ್ನು ಮರೆಯುತ್ತಾರೆ. ಆಮೇಲೆ ರೋಗ ಬಂತು, ವಲಸೆ ಹೊರಟವು ಎಂದು ಏನೇನೋ ಕಾರಣ ಹುಡುಕುತ್ತಾರೆ.

ಮೊದಲು ಮರದ ವಿಷಯ. ಓಕ್ ವರ್ಷಾ ವರ್ಷ ಒಂದೇ ಸಮ ಕಾಯಿ ಬಿಡುವುದಿಲ್ಲ. ಕೆಲವು ವರ್ಷ ಅಷ್ಟಿಷ್ಟು, ಕೆಲವು ವರ್ಷ ಏನೂ ಇಲ್ಲ, ನಡುವೆ ಒಂದು ವರ್ಷ ಕೊಂಬೆ ಬಾಗುವಷ್ಟು. ಅದೂ ಒಂದೇ ಮರವಲ್ಲ, ಸುತ್ತಲಿನ ಮರಗಳೆಲ್ಲ ಒಟ್ಟಿಗೆ. ಇಂಥದ್ದನ್ನು ಮಾಸ್ಟ್ ವರ್ಷ ಎನ್ನುತ್ತೇವೆ. ಮರಗಳು ಮಾತಾಡಿಕೊಂಡು ಹೀಗೆ ಮಾಡುತ್ತವೆ ಎಂಬ ಕಥೆ ಕೇಳಲು ಚೆಂದ. ಆದರೆ ಅದರ ಅಗತ್ಯವೇ ಇಲ್ಲ. ಓಕ್‌ನ ಪರಾಗ ಗಾಳಿಯಲ್ಲಿ ಹೋಗುತ್ತದೆ, ಹಾಗಾಗಿ ಎಲ್ಲ ಮರ ಒಟ್ಟಿಗೆ ಹೂ ಬಿಟ್ಟರೇ ಕಾಯಿ ಚೆನ್ನಾಗಿ ಕಚ್ಚುತ್ತದೆ. ಹವೆಯೂ ಇಡೀ ಪ್ರದೇಶಕ್ಕೆ ಒಂದೇ. ಭರ್ಜರಿ ಫಸಲು ಕೊಟ್ಟ ಮರ ಕೂಡಿಟ್ಟ ಸಾರವನ್ನು ಬಹಳಷ್ಟು ಖರ್ಚು ಮಾಡಿರುತ್ತದೆ, ಮರುವರ್ಷ ಸುಧಾರಿಸಿಕೊಳ್ಳಬೇಕು. ಒಂದು ದೊಡ್ಡ ಫಸಲಿನ ಬೆನ್ನಿಗೆ ಕಾಯಿಯ ಬರ ಬರುವುದು ಅದಕ್ಕೇ.

ಇದರಿಂದ ಮರಕ್ಕೇನು ಲಾಭ? ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಜೆನ್ 1971ರಲ್ಲಿ ಬರೆದ ಮಾತು ಇವತ್ತಿಗೂ ನಿಂತಿದೆ. ಬರದ ವರ್ಷಗಳಲ್ಲಿ ತಿನ್ನುವ ಬಾಯಿಗಳು ಕಡಿಮೆಯಾಗುತ್ತವೆ, ಆಮೇಲೆ ಒಮ್ಮೆಗೇ ಸುರಿದರೆ ಅವು ಎಷ್ಟು ತಿಂದರೂ ಒಂದಷ್ಟು ಉಳಿಯುತ್ತವೆ. ಅಳಿಲು, ಇಲಿ, ಜಿಂಕೆ, ಕರಡಿ, ಜೇ ಹಕ್ಕಿ, ಕಾಡು ಟರ್ಕಿ, ಮೂತಿ ಹುಳು, ಎಲ್ಲಕ್ಕೂ ಸೇರಿಸಿ ಈ ಲೆಕ್ಕ.

ಕಾಯಿ ಎಣಿಸುವುದು ಹೇಗೆ ಅಂತಲೂ ಕೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ವಾಲ್ಟರ್ ಕೋನಿಗ್ ಮತ್ತು ಜೊತೆಗಾರರು 1980ರಿಂದ ಬಳಸುತ್ತಿರುವ ವಿಧಾನ ತೀರಾ ಸರಳ. ಇಬ್ಬರು ಮರದ ಬೇರೆ ಬೇರೆ ಭಾಗ ನೋಡುತ್ತ, ತಲಾ 15 ಸೆಕೆಂಡಿನಲ್ಲಿ ಎಷ್ಟು ಕಾಯಿ ಕಂಡವೋ ಎಣಿಸಿ ಕೂಡಿಸುತ್ತಾರೆ. ಅಷ್ಟೇ. ಪ್ರತಿ ವರ್ಷ ಅದೇ ಮರಗಳನ್ನೇ ಎಣಿಸುವುದರಲ್ಲಿ ಅದರ ಬಲವಿದೆ. ನೆಲಕ್ಕೆ ಬಿದ್ದದ್ದನ್ನು ನೋಡಿ ಫಸಲು ಅಳೆಯುವವರು ಒಂದು ಬಕೆಟ್ ನೀರು ಇಟ್ಟುಕೊಳ್ಳುವುದು ಒಳ್ಳೆಯದು. ತೇಲುವ ಕಾಯಿ ಹೆಚ್ಚಾಗಿ ಹುಳ ಕೊರೆದದ್ದು ಇಲ್ಲವೇ ಜೊಳ್ಳು. ಮುಳುಗಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಬೂದು ಅಳಿಲು ಈ ಪರೀಕ್ಷೆಯನ್ನು ನೀರಿಲ್ಲದೇ ಮಾಡುತ್ತದೆ. ಕಾಯಿಯನ್ನು ಬಾಯಲ್ಲಿ ಕಚ್ಚಿ ತಲೆಯನ್ನು ಪಟಪಟ ಅಲುಗಿಸುತ್ತದೆ, ಮುಂಗಾಲಲ್ಲಿ ತಿರುಗಿಸಿ ಮೂಸುತ್ತದೆ. ಹುಳ ಇರುವ ಕಾಯನ್ನು ಸಾಮಾನ್ಯವಾಗಿ ಹೂಳುವುದಿಲ್ಲ, ಅಲ್ಲೇ ಕೂತು ತಿನ್ನುತ್ತದೆ, ಹುಳದ ಸಮೇತ. ಗಟ್ಟಿ ಕಾಯಿ ಸಿಕ್ಕರೆ ಮುಂದಿನ ಪ್ರಶ್ನೆ: ಇದು ಕೆಂಪು ಓಕ್‌ನದೋ, ಬಿಳಿ ಓಕ್‌ನದೋ? ಕೆಂಪು ಓಕ್ ಕಾಯಿ ಒಗರು, ಕೊಬ್ಬು ಜಾಸ್ತಿ, ಮೊಳೆಯುವುದು ಮುಂದಿನ ವಸಂತಕ್ಕೆ. ಅದನ್ನು ಹಾಗೆಯೇ ಹೂತಿಡಬಹುದು. ಬಿಳಿ ಓಕ್ ಕಾಯಿ ಬಿದ್ದ ಕೆಲವೇ ದಿನಗಳಲ್ಲಿ ಮೊಳಕೆಯೊಡೆದು ಬೇರು ಇಳಿಸುತ್ತದೆ. ಹೂತಿಟ್ಟರೂ ತಿಂಡಿ ಬೇರಿನ ಪಾಲು. ಹಾಗಾಗಿ ಅಳಿಲು ಅದನ್ನು ಅಲ್ಲೇ ತಿಂದು ಮುಗಿಸುತ್ತದೆ. ಇಡಲೇಬೇಕೆಂದಿದ್ದರೆ ಕಾಯಿಯ ಚೂಪು ತುದಿಯನ್ನು ಹಲ್ಲಿನಿಂದ ಕೆರೆದು, ಮೊಳಕೆಯ ಕಣ್ಣನ್ನೇ ಕಿತ್ತು, ಆಮೇಲೆ ಹೂಳುತ್ತದೆ. ಮೊದಲ ಸಲ ನೋಡುವವರು ನಂಬುವುದಿಲ್ಲ. ಕಾಡಿನಲ್ಲಿ ಬಿಳಿ ಓಕ್ ಕಾಯಿ ಸಿಕ್ಕರೆ ತುದಿ ನೋಡಿ, ಸಣ್ಣ ಗುಳಿ ಇದ್ದರೆ ಅದು ಅಳಿಲಿನ ಕೈಕೆಲಸ. ಅಲ್ಲ, ಹಲ್ಲುಕೆಲಸ.

ಈಗ ಒಂದು ವರ್ಷದ ಅಂತರಕ್ಕೆ ಬರೋಣ. ಬೂದು ಅಳಿಲು ಚಳಿಗಾಲದಲ್ಲಿ ನಿದ್ದೆ ಹೋಗುವ ಪ್ರಾಣಿಯಲ್ಲ. ಹೂತಿಟ್ಟದ್ದನ್ನು ತೆಗೆದು ತಿನ್ನುತ್ತಲೇ ಇರಬೇಕು. ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಒಂದು ಬೆದೆ, ಬೇಸಿಗೆಯ ಹೊತ್ತಿಗೆ ಇನ್ನೊಂದು. ಗರ್ಭ ಸುಮಾರು 44 ದಿನ, ಒಂದು ಸಲಕ್ಕೆ ಸಾಮಾನ್ಯವಾಗಿ 2ರಿಂದ 4 ಮರಿ. ನೆಲದಲ್ಲಿ ಕಾಯಿ ತುಂಬಿದ್ದ ವರ್ಷ ಹೆಣ್ಣುಗಳು ಮೈತುಂಬಿಕೊಂಡು ಚಳಿಗಾಲ ದಾಟುತ್ತವೆ. ಎರಡೂ ಸೂಲು ಹಿಡಿಯುತ್ತವೆ, ಮರಿಗಳೂ ಬದುಕುತ್ತವೆ. ಕಾಯಿ ಇಲ್ಲದ ವರ್ಷ ಚಳಿಗಾಲದ ಬೆದೆಯೇ ಸೊರಗುತ್ತದೆ.

ಒಳ್ಳೆಯ ಫಸಲಿನ ಅಳಿಲುಗಳು ಕಣ್ಣಿಗೆ ಬೀಳುವುದು ಮರುವರ್ಷದ ಬೇಸಿಗೆಯಲ್ಲಿ. ಅಷ್ಟರಲ್ಲಿ ದಣಿದ ಮರಗಳು ಕೈ ಖಾಲಿ ಮಾಡಿಕೊಂಡಿರುತ್ತವೆ. ಅಳಿಲು ಜಾಸ್ತಿ, ಕಾಯಿ ಇಲ್ಲ.

ಹೀಗಾದಾಗ ಏನಾಗುತ್ತದೆ ಎಂಬುದಕ್ಕೆ 1968ರ ಸೆಪ್ಟೆಂಬರ್ ಸಾಕ್ಷಿ. 1967ರಲ್ಲಿ ಫಸಲು ಚೆನ್ನಾಗಿತ್ತು, 1968ರಲ್ಲಿ ಕೈಕೊಟ್ಟಿತು. ಅಪಲಾಚಿಯನ್ ಬೆಟ್ಟಗಳ ಆಸುಪಾಸಿನ ಹಲವು ರಾಜ್ಯಗಳಲ್ಲಿ ಅಳಿಲುಗಳು ರಸ್ತೆ ದಾಟುತ್ತ, ನದಿ ಈಜುತ್ತ ಸಾಯತೊಡಗಿದವು. ಪತ್ರಿಕೆಗಳು ಮಹಾವಲಸೆ ಎಂದು ಬರೆದವು. ಮೇರಿಲ್ಯಾಂಡ್‌ನ ವನ್ಯಜೀವಿ ವಿಜ್ಞಾನಿ ವಾಗ್ನ್ ಫ್ಲೈಗರ್ ಸತ್ತ ಅಳಿಲುಗಳನ್ನು ತರಿಸಿಕೊಂಡು ಅಧ್ಯಯನ ಮಾಡಿದರು. ನನಗೆ ವಲಸೆ ಎಂಬ ಮಾತೇ ಒಗ್ಗುವುದಿಲ್ಲ. ಮರಿಗಳು ಹೊಸ ಜಾಗ ಹುಡುಕಿ ಹೊರಡುವುದು ಪ್ರತಿ ಶರತ್ಕಾಲದಲ್ಲೂ ಇದ್ದದ್ದೇ. ಹೊಟ್ಟೆಗಿಲ್ಲದ ವರ್ಷ ಹೊರಡುವವು ಜಾಸ್ತಿ, ಹೋಗುವ ದೂರವೂ ಜಾಸ್ತಿ. 2018ರಲ್ಲಿ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ರಾಜ್ಯಗಳಲ್ಲೂ ಇದೇ ಆಯಿತು. ರಸ್ತೆಗಳಲ್ಲಿ ಸತ್ತ ಅಳಿಲುಗಳು, ತೋಟಗಳಲ್ಲಿ ಕಚ್ಚಿ ಬಿಟ್ಟ ಸೇಬು ಮತ್ತು ಕುಂಬಳ. ಎಲ್ಲರೂ ಆ ವರ್ಷದಲ್ಲೇ ಕಾರಣ ಹುಡುಕಿದರು, ಬೀಜ ಬಿದ್ದದ್ದು 2017ರಲ್ಲಿ.

ಎಲ್ಲ ಅಳಿಲುಗಳೂ ಹೀಗೆ ಒಂದು ವರ್ಷ ಹಿಂದೆ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. ಕೆನಡಾದ ಯೂಕಾನ್‌ನ ಕೆಂಪು ಅಳಿಲುಗಳು ಸ್ಪ್ರೂಸ್ ಎಂಬ ಸೂಚಿಪರ್ಣ ಮರದ ಕಾಯಿ ಬಲಿಯುವ ಮೊದಲೇ, ಫಸಲು ಬರುವ ವರ್ಷದಲ್ಲೇ ಹೆಚ್ಚು ಮರಿ ಹಾಕುತ್ತವೆ. 2006ರಲ್ಲಿ ಪ್ರಕಟವಾದ ಈ ಸಂಶೋಧನೆ ನಮ್ಮನ್ನೆಲ್ಲ ಬೆರಗುಗೊಳಿಸಿತ್ತು.

ಪೂರ್ವ ಅಮೆರಿಕದ ಅಳಿಲಿಗೆ ಒಂದು ಕಾಲದಲ್ಲಿ ಓಕ್ ಒಂದೇ ಆಸರೆಯಾಗಿರಲಿಲ್ಲ. ಅಮೆರಿಕನ್ ಚೆಸ್ಟ್‌ನಟ್ ಮರ ಹೂ ಬಿಡುತ್ತಿದ್ದದ್ದು ತಡವಾಗಿ, ವಸಂತದ ಕೊನೆಯ ಚಳಿ ಮುಗಿದ ಮೇಲೆ. ಅದರ ಫಸಲು ಅಷ್ಟಾಗಿ ತಪ್ಪುತ್ತಿರಲಿಲ್ಲ. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕಂಡುಬಂದ ಶಿಲೀಂಧ್ರ ರೋಗ ಅರ್ಧ ಶತಮಾನದೊಳಗೆ ಆ ಮರಗಳನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿತು. ಕಾಡಿನ ಏರಿಳಿತ ಅಲ್ಲಿಂದ ಓಕ್‌ನ ಕೈಗೆ ಬಂತು.

ಬರದ ವರ್ಷ ಅಳಿಲುಗಳಿಗೆ ಊಟ ಹಾಕಬೇಕೇ ಎಂದು ಕೇಳುವವರಿಗೆ ನಾನು ಬೇಡ ಎನ್ನುತ್ತೇನೆ. ಒಂದೇ ಕಡೆ ಗುಂಪು ಸೇರಿದರೆ ಕಜ್ಜಿ ಹುಳ ಹರಡುವುದು ಸುಲಭ, ಸುತ್ತಲಿನ ರಸ್ತೆ ದಾಟುವುದೂ ಹೆಚ್ಚುತ್ತದೆ. ಕಾಡು ನೋಡಿಕೊಳ್ಳುವವರಿಗೆ ಬೇರೆ ಮಾತಿದೆ: ಕೆಂಪು ಮತ್ತು ಬಿಳಿ, ಎರಡೂ ಗುಂಪಿನ ಓಕ್ ಉಳಿಸಿಕೊಳ್ಳಿ. ಬಿಳಿ ಓಕ್ ಕಾಯಿ ಹೂ ಬಿಟ್ಟ ವರ್ಷವೇ ಬಲಿಯುತ್ತದೆ. ಕೆಂಪು ಓಕ್‌ಗೆ ಎರಡು ಬೇಸಿಗೆ ಬೇಕು. ಈ ವಸಂತದಲ್ಲಿ ಹೂವಿಗೆ ಚಳಿ ಬಡಿದರೆ ಬಿಳಿ ಓಕ್ ಈ ಶರತ್ಕಾಲಕ್ಕೆ ಬರಿದು, ಕೆಂಪು ಓಕ್ ಮುಂದಿನ ಶರತ್ಕಾಲಕ್ಕೆ. ಎರಡೂ ಇದ್ದರೆ ಒಂದೇ ವರ್ಷ ಎರಡೂ ಕೈಕೊಡುವ ಸಂಭವ ಕಡಿಮೆ.

ಮುಂದಿನ ವರ್ಷದ ಅಂದಾಜು ಬೇಕಿದ್ದವರು ಬೇಸಿಗೆಯ ಕೊನೆಗೆ ಕೆಂಪು ಓಕ್‌ನ ಒಂದು ರೆಂಬೆ ಬಗ್ಗಿಸಿ ನೋಡಿ. ಹಳೆಯ ಭಾಗದಲ್ಲಿ ಬಲಿಯುತ್ತಿರುವ ಕಾಯಿ ಇರುತ್ತದೆ. ಈ ವರ್ಷ ಚಿಗುರಿದ ತುದಿಯಲ್ಲಿ, ಎಲೆಯ ಬುಡಕ್ಕೆ ಅಂಟಿಕೊಂಡ ಪುಟ್ಟ ಮೊಗ್ಗಿನಂಥವು ಕಂಡರೆ ಅವು ಮುಂದಿನ ವರ್ಷದ ಕಾಯಿ. ಎಲ್ಲವೂ ನಿಲ್ಲುವುದಿಲ್ಲ. ಆದರೆ ಅವೇ ಇಲ್ಲದಿದ್ದರೆ ಮುಂದಿನ ವರ್ಷ ಕೆಂಪು ಓಕ್‌ನಿಂದ ಏನೂ ನಿರೀಕ್ಷಿಸಬೇಡಿ.